ಪ್ಲೈ ನಂಬಿ ಉಲ್ಲನ್ ಕೊಳ್ಳಬೇಡಿ

ನಿಟ್ಟಿಂಗ್ ಕಲಿಯುತ್ತಿರುವ ಗೆಳತಿಯರು, ಗೆಳೆಯರು ನನಗೆ ಕಳಿಸುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತವೆ. ಉಲ್ಲನ್ ಉಂಡೆಯ ಒಂದು ಫೋಟೊ, ಪ್ಯಾಟರ್ನ್‌ನ ಒಂದು ಸ್ಕ್ರೀನ್‌ಶಾಟ್, ಕೆಳಗೆ ಒಂದು ಸಾಲು: ‘ಇದಕ್ಕೆ ಇದು ಆಗುತ್ತಾ?’ ಬಣ್ಣದ ಬಗ್ಗೆ ಯಾರಿಗೂ ಅನುಮಾನ ಇರಲ್ಲ. ಬೆಲೆಯನ್ನೂ ನೋಡಿಯೇ ಇರುತ್ತಾರೆ. ಕೇಳುವುದು ದಪ್ಪದ ಬಗ್ಗೆ. ಫೋಟೊ ನೋಡಿ ಹೇಳಲು ಆಗದೇ ಇರುವುದೂ ಅದೊಂದೇ.

ಹಾಗಾಗಿ ಈ ಸಲದ ಅಂಕಣ ಪೂರ್ತಿ ನೂಲಿನ ದಪ್ಪಕ್ಕೆ ಮೀಸಲು. ಇದೇನು ಅಷ್ಟು ದೊಡ್ಡ ವಿಷಯಾನಾ ಅಂದುಕೊಂಡರೆ ನನ್ನ ಸಹೋದ್ಯೋಗಿಯೊಬ್ಬಳ ಕಥೆ ಕೇಳಿ. ಮಡಿಕೇರಿಯಲ್ಲಿರುವ ಅಪ್ಪನಿಗೆ ಅಂತ ಸ್ವೆಟರ್ ಶುರು ಮಾಡಿದಳು. ಮೆಟ್ರೊದಲ್ಲಿ ಹೋಗುವಾಗ ಬರುವಾಗ, ರಾತ್ರಿ ಊಟ ಆದ ಮೇಲೆ, ಮೂರು ತಿಂಗಳು ಹೆಣೆದಳು. ಪ್ಯಾಟರ್ನ್‌ನ ಒಂದು ಸಾಲನ್ನೂ ತಪ್ಪಿಸಲಿಲ್ಲ. ಎದೆಯ ಸುತ್ತಳತೆ 100 ಸೆಂಟಿಮೀಟರ್ ಬರಬೇಕಿತ್ತು, ಬಂದದ್ದು 110. ಅಪ್ಪ ವಿಡಿಯೊ ಕಾಲ್‌ನಲ್ಲಿ ಹಾಕಿಕೊಂಡು ತೋರಿಸಿ, ‘ಚೆನ್ನಾಗಿದೆ ಮಗಳೇ, ಒಳಗೆ ಇನ್ನೊಂದು ಶರ್ಟ್ ಹಾಕ್ಕೋಬಹುದು’ ಅಂದರಂತೆ.

ಎಲ್ಲಿ ತಪ್ಪಿತು? ಪ್ಯಾಟರ್ನ್ ಕೇಳಿದ್ದು 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಂದರೆ 22 ಸ್ಟಿಚ್. ಅವಳು ತಂದ ನೂಲು ಸ್ವಲ್ಪ ದಪ್ಪ, ಅವಳ ಕೈಯಲ್ಲಿ 20 ಬರುತ್ತಿತ್ತು. ಎರಡೇ ಕುಣಿಕೆಯ ವ್ಯತ್ಯಾಸ. ಆದರೆ ಸ್ವೆಟರ್‌ನಲ್ಲಿ 220 ಕುಣಿಕೆ ಇದ್ದವು. 220ನ್ನು 22ರಿಂದ ಭಾಗಿಸಿದರೆ ಹತ್ತು, ಅಂದರೆ 100 ಸೆಂಟಿಮೀಟರ್. 20ರಿಂದ ಭಾಗಿಸಿದರೆ ಹನ್ನೊಂದು, ಅಂದರೆ 110. ಮೂರು ತಿಂಗಳ ಸಂಜೆಗಳು ಈ ಒಂದು ಭಾಗಾಕಾರದಲ್ಲಿ ಕೂತಿದ್ದವು. ಉಲ್ಲನ್‌ಗೆ ಕೊಟ್ಟ ದುಡ್ಡಾದರೂ ಮುಂದಿನ ತಿಂಗಳ ಸಂಬಳದಲ್ಲಿ ಬರುತ್ತೆ ಅನ್ನಬಹುದು. ಆ ಸಂಜೆಗಳು ಎಲ್ಲಿ ಬರುತ್ತವೆ?

ಪ್ಲೈ ಹೇಳುವುದು ದಪ್ಪವನ್ನಲ್ಲ

ಅಂಗಡಿಯಲ್ಲಿ ನಾವು ಕೇಳುವ ಮೊದಲ ಮಾತು ‘3 ಪ್ಲೈ ಕೊಡಿ’, ‘4 ಪ್ಲೈ ಇದೆಯಾ’. ಪ್ಲೈ ಅಂದರೆ ಎಳೆ. ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವ ಲೆಕ್ಕ ಅಷ್ಟೇ. ಪ್ರತಿ ಎಳೆ ಎಷ್ಟು ದಪ್ಪ ಅನ್ನುವುದನ್ನು ಅದು ಹೇಳಲ್ಲ. ನಾಲ್ಕು ಹೊಲಿಗೆ ದಾರ ಸೇರಿಸಿ ಹುರಿ ಮಾಡಿದರೂ 4 ಪ್ಲೈ, ನಾಲ್ಕು ಸೆಣಬಿನ ಹುರಿ ಸೇರಿಸಿ ಹಗ್ಗ ಹೊಸೆದರೂ 4 ಪ್ಲೈ. ದಪ್ಪ ಎಳೆಗಳ 2 ಪ್ಲೈ ನೂಲು, ತೆಳು ಎಳೆಗಳ 4 ಪ್ಲೈಗಿಂತ ದಪ್ಪ ಇರಬಹುದು. ಒಂದೇ ಎಳೆಯಿಂದ ಮಾಡಿದ ನೂಲು ಇವೆರಡನ್ನೂ ಮೀರಿಸಬಹುದು.

ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತು? ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಕೈ ಹೆಣಿಗೆಯ ನೂಲಿನ ಎಳೆಗಳು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಬರುತ್ತಿದ್ದವು. ಹಾಗಾಗಿ ಎಳೆ ಎಣಿಸಿದರೆ ದಪ್ಪ ಗೊತ್ತಾಗುತ್ತಿತ್ತು. ಆ ಪದ್ಧತಿ ಹೋಯಿತು, ಹೆಸರು ಮಾತ್ರ ಉಳಿಯಿತು. ಇವತ್ತು ‘4 ಪ್ಲೈ’ ಅಂದಾಗ ಒಬ್ಬರು ನಿಜವಾಗಿ ನಾಲ್ಕು ಎಳೆ ಅನ್ನುತ್ತಿರಬಹುದು, ಇನ್ನೊಬ್ಬರು ಆ ಹಳೆಯ ಬ್ರಿಟಿಷ್ ದಪ್ಪವನ್ನು ಹೇಳುತ್ತಿರಬಹುದು. ಲೇಬಲ್ ನೋಡಿ ಯಾವುದು ಅಂತ ತಿಳಿಯಲ್ಲ.

ಒಂದೇ ನೂಲು, ದೇಶಕ್ಕೊಂದು ಹೆಸರು

ನಾವೀಗ ಪ್ಯಾಟರ್ನ್ ನೋಡುವುದು ಫೋನಿನಲ್ಲಿ. ಬರೆದವರು ಅಮೆರಿಕದಲ್ಲೋ ಇಂಗ್ಲೆಂಡ್‌ನಲ್ಲೋ ಇರುತ್ತಾರೆ. ನೂಲು ಲುಧಿಯಾನದಿಂದ ಬಂದಿರುತ್ತದೆ. ಮೆಲ್ಬರ್ನ್‌ನಲ್ಲಿರುವ ಅತ್ತಿಗೆ ಊರಿಗೆ ಬರುವಾಗ ಎರಡು ಉಂಡೆ ತಂದುಕೊಟ್ಟಿರುತ್ತಾರೆ. ಮೂರೂ ಕಡೆ ಭಾಷೆ ಬೇರೆ.

ಆಸ್ಟ್ರೇಲಿಯಾದಲ್ಲಿ ಈಗಲೂ ಪ್ಲೈ ಅಂದರೆ ದಪ್ಪವೇ. ಅವರ 8 ಪ್ಲೈ ಇಂಗ್ಲೆಂಡಿನ ಡಿಕೆಗೆ ಸಮ. ಡಿಕೆ ಅಂದರೆ ಡಬಲ್ ನಿಟ್ಟಿಂಗ್, ಹಳೆಯ 4 ಪ್ಲೈನ ಎರಡರಷ್ಟು ಅನ್ನುವ ಅರ್ಥದಲ್ಲಿ ಬಂದ ಹೆಸರು. ಅಮೆರಿಕದವರು ವರ್ಸ್ಟೆಡ್ ಅನ್ನುವುದು ಡಿಕೆಗಿಂತ ಒಂದು ಮೆಟ್ಟಿಲು ದಪ್ಪದ ನೂಲಿಗೆ. ಬ್ರಿಟನ್ನಿನ ನೂಲುಗಾರರಿಗೆ ವರ್ಸ್ಟೆಡ್ ಅನ್ನುವುದು ದಪ್ಪವೇ ಅಲ್ಲ, ಉದ್ದ ಎಳೆಗಳನ್ನು ಬಾಚಿ ನಯವಾಗಿ ನೂಲುವ ವಿಧಾನ. ಇಂಗ್ಲೆಂಡಿನ ನಾರ್ಫೋಕ್‌ನ ವರ್ಸ್ಟೆಡ್ ಎಂಬ ಹಳ್ಳಿಯಿಂದ ಬಂದ ಪದ ಅದು. ಇನ್ನು ಏರನ್ ಅನ್ನುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ದ್ವೀಪಗಳ ಹೆಸರು. ಅಲ್ಲಿನ ಮೀನುಗಾರರ ಸ್ವೆಟರ್‌ಗಳಿಂದ ನೂಲಿಗೂ ಬಂತು.

ಈ ಗೊಂದಲಕ್ಕೆ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಮಾಡಿರುವ ಪರಿಹಾರ 0ರಿಂದ 7ರವರೆಗಿನ ಸಂಖ್ಯೆ. ಈಗಿನ ಬಹಳಷ್ಟು ಪ್ಯಾಟರ್ನ್‌ಗಳಲ್ಲಿ ಪುಟ್ಟ ಉಂಡೆಯ ಚಿತ್ರದೊಳಗೆ ಈ ಸಂಖ್ಯೆ ಇರುತ್ತದೆ. ಪಕ್ಕದಲ್ಲಿ ನಾನು ಬರೆದಿರುವುದು 10 ಸೆಂಟಿಮೀಟರ್ ಅಗಲಕ್ಕೆ ಸಾಮಾನ್ಯವಾಗಿ ಬರುವ ಕುಣಿಕೆಗಳು:

0 – ಲೇಸ್: 33ರಿಂದ 40. ಜರಡಿಯಂಥ ತೆಳು ಶಾಲುಗಳಿಗೆ.
1 – ಫಿಂಗರಿಂಗ್, ಸಾಕ್ಸ್: 27ರಿಂದ 32. ಕಾಲುಚೀಲ, ಮಗುವಿನ ಬಟ್ಟೆ, ಶಾಲು.
2 – ಸ್ಪೋರ್ಟ್: 23ರಿಂದ 26. ಹಗುರ ಸ್ವೆಟರ್, ಮಕ್ಕಳ ಉಡುಪು.
3 – ಡಿಕೆ: 21ರಿಂದ 24. ಕುಲಾವಿ, ಕಾರ್ಡಿಗನ್, ಏನು ಬೇಕಾದರೂ.
4 – ವರ್ಸ್ಟೆಡ್, ಏರನ್: 16ರಿಂದ 20. ಮಫ್ಲರ್, ಟೋಪಿ, ಬೆಚ್ಚನೆಯ ಸ್ವೆಟರ್.
5 – ಚಂಕಿ: 12ರಿಂದ 15. ವಾರಾಂತ್ಯದಲ್ಲಿ ಮುಗಿಯುವ ಟೋಪಿ.
6 – ಸೂಪರ್ ಬಲ್ಕಿ: 7ರಿಂದ 11. ದಪ್ಪ ಹೊದಿಕೆ, ಕುಶನ್.
7 – ಜಂಬೊ: 6 ಅಥವಾ ಅದಕ್ಕೂ ಕಡಿಮೆ. ಕಡ್ಡಿ ಇಲ್ಲದೆ ತೋಳಿನಲ್ಲೇ ಹೆಣೆಯುವ ವಿಡಿಯೊಗಳಲ್ಲಿ ಕಾಣುವುದು ಇದು.

ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಬಾಯಿಪಾಠ ಬೇಕಿಲ್ಲ.

ಲೇಬಲ್‌ನ ಹಿಂಬದಿ

ಉಂಡೆಯ ಮುಂಭಾಗದಲ್ಲಿ ಹೆಸರು, ನಗುತ್ತಿರುವ ಮಗು, ‘ಸಾಫ್ಟ್’ ಅನ್ನುವ ಪದ. ನಮಗೆ ಬೇಕಾದ್ದು ಹಿಂಭಾಗದಲ್ಲಿ, ಸಣ್ಣಕ್ಷರದಲ್ಲಿ. ಒಂದು ಚೌಕದ ಚಿತ್ರ ಇದ್ದರೆ ಅದು 10 ಸೆಂಟಿಮೀಟರ್ ಚೌಕ. ಕೆಳಗಿನ ಅಂಕಿ ಕುಣಿಕೆ, ಪಕ್ಕದ ಅಂಕಿ ಸಾಲು. ಎರಡು ಕಡ್ಡಿಗಳ ಚಿತ್ರದ ಹತ್ತಿರ ಇರುವುದು ಅದಕ್ಕೆ ಹೊಂದುವ ಕಡ್ಡಿಯ ಗಾತ್ರ. ಮೂರನೆಯದು ತೂಕ ಮತ್ತು ಉದ್ದ: 50 ಗ್ರಾಂ, ಇಷ್ಟು ಮೀಟರ್ ಅಂತ.

ಮೂರರಲ್ಲಿ ಎರಡು ಪ್ಯಾಟರ್ನ್‌ನ ನೂಲಿಗೆ ಹೊಂದಿದರೆ ಧೈರ್ಯವಾಗಿ ಕೊಳ್ಳಬಹುದು. ಮೀಟರ್ ಬರೆದೇ ಇಲ್ಲದ ಉಂಡೆಯೂ ಅಂಗಡಿಯಲ್ಲಿ ಸಿಗುತ್ತೆ. ಅದಕ್ಕೂ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಗ್ರಾಂ ಅಲ್ಲ, ಮೀಟರ್

‘ಒಂದು ಸ್ವೆಟರ್‌ಗೆ ಅರ್ಧ ಕಿಲೊ’ ಅಂತ ಹಿರಿಯರು ಹೇಳುತ್ತಿದ್ದರು. ಅವರ ಕಾಲದಲ್ಲಿ ಊರಿನ ಅಂಗಡಿಯಲ್ಲಿ ಸಿಗುತ್ತಿದ್ದುದು ಒಂದೋ ಎರಡೋ ಬಗೆ, ಹಾಗಾಗಿ ಲೆಕ್ಕ ಸರಿಹೋಗುತ್ತಿತ್ತು. ಈಗ ಉಣ್ಣೆ, ಹತ್ತಿ, ಅಕ್ರಿಲಿಕ್, ಬಿದಿರು, ಎಲ್ಲದರ ಮಿಶ್ರಣ. ನಮ್ಮಲ್ಲಂತೂ ಒಂದೇ ಒಂದು ಉಣ್ಣೆಯ ಎಳೆ ಇಲ್ಲದ ನೂಲಿಗೂ ‘ಉಲ್ಲನ್’ ಅಂತಲೇ ಹೆಸರು.

ಒಂದೇ ಗಾತ್ರಕ್ಕೆ ಹತ್ತಿ ಉಣ್ಣೆಗಿಂತ ಭಾರ. ಅಕ್ರಿಲಿಕ್ ಉಣ್ಣೆಗಿಂತ ಹಗುರ. ಹಾಗಾಗಿ ಅದೇ ದಪ್ಪದ 100 ಗ್ರಾಂ ನೂಲು ತಗೊಂಡರೆ ಅಕ್ರಿಲಿಕ್‌ನಲ್ಲಿ ಉದ್ದ ಹೆಚ್ಚು, ಹತ್ತಿಯಲ್ಲಿ ಕಡಿಮೆ. ಡಿಕೆ ಉಣ್ಣೆ 100 ಗ್ರಾಂಗೆ ಸುಮಾರು 225 ಮೀಟರ್ ಬಂದರೆ ಡಿಕೆ ಅಕ್ರಿಲಿಕ್ 290 ಮೀಟರ್‌ವರೆಗೂ ಬರುತ್ತದೆ. ದೊಡ್ಡವರ ಒಂದು ಸಾದಾ ಸ್ವೆಟರ್‌ಗೆ ಡಿಕೆ ನೂಲು 1,200 ಮೀಟರ್ ಬೇಕು ಅಂತ ಇಟ್ಟುಕೊಳ್ಳಿ. ಉಣ್ಣೆಯಾದರೆ 100 ಗ್ರಾಂನ ಆರು ಉಂಡೆ, ಅಕ್ರಿಲಿಕ್ ಆದರೆ ಐದು ಸಾಕು. ಹತ್ತಿಯಾದರೆ ಆರೂ ಸಾಲದೆ ಹೋಗಬಹುದು. ಗ್ರಾಂ ಲೆಕ್ಕದಲ್ಲಿ ಕೊಂಡವರಿಗೆ ಒಂದೋ ಉಳಿಯುತ್ತೆ, ಇಲ್ಲ ಎಡಗೈ ತೋಳಿನ ಅರ್ಧಕ್ಕೆ ಮುಗಿಯುತ್ತೆ. ಆಮೇಲೆ ಅದೇ ಬಣ್ಣ ಹುಡುಕಿಕೊಂಡು ಹೋದರೆ ಅದೇ ಡೈ ಲಾಟ್ ಸಿಗುವ ಖಾತ್ರಿ ಇಲ್ಲ. ಹೆಸರು ಅದೇ ಇದ್ದರೂ ಬಣ್ಣ ಒಂದು ಸುತ್ತು ಬೇರೆ ಕಾಣುತ್ತದೆ.

ಲೇಬಲ್ ಇಲ್ಲದ ಉಂಡೆ

ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜಿಯ ಕಾಲದ ಉಲ್ಲನ್ ಸಿಕ್ಕಿದೆ, ಲೇಬಲ್ ಇಲ್ಲ. ಬಿಸಾಡಬೇಡಿ. ಎರಡು ಪರೀಕ್ಷೆ ಮನೆಯಲ್ಲೇ ಆಗುತ್ತವೆ.

ಮೊದಲನೆಯದಕ್ಕೆ ಶಾಲೆಯ ಸ್ಕೇಲ್ ಸಾಕು. ನೂಲನ್ನು ಸ್ಕೇಲ್‌ಗೆ ಸುತ್ತಿ. ಎಳೆಯಬೇಡಿ, ಒಂದರ ಮೇಲೊಂದು ಹತ್ತಿಸಬೇಡಿ, ಪಕ್ಕಪಕ್ಕ ಮಲಗಿಸಿ. ಒಂದು ಇಂಚಿನಲ್ಲಿ ಎಷ್ಟು ಸುತ್ತು ಕೂತಿದೆ ಎಣಿಸಿ. ಸುಮಾರು 14 ಬಂದರೆ ಫಿಂಗರಿಂಗ್, 12 ಸ್ಪೋರ್ಟ್, 11 ಡಿಕೆ, 9 ವರ್ಸ್ಟೆಡ್, 8 ಏರನ್, 7 ಚಂಕಿ. ಎಳೆದು ಸುತ್ತಿದರೆ ಎಂಥ ನೂಲೂ ತೆಳು ಅನ್ನಿಸುತ್ತದೆ, ಆದ್ದರಿಂದ ಎರಡು ಮೂರು ಸಲ ಸುತ್ತಿ ನೋಡಿ. ಮೊಹೇರ್‌ನಂಥ ಜುಂಗಿನ ನೂಲಿಗೆ ಈ ಪರೀಕ್ಷೆ ನಡೆಯಲ್ಲ. ಒಳಗಿನ ಎಳೆ ತೆಳು ಇದ್ದರೂ ಜುಂಗು ಜಾಗ ತುಂಬುವುದರಿಂದ ಅದನ್ನು ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಹೆಣೆಯುತ್ತಾರೆ.

ಎರಡನೆಯದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಟೇಪ್ ಹಿಡಿದು 20 ಮೀಟರ್ ಅಳೆದು ತೂಗಿ. 9 ಗ್ರಾಂ ಬಂತು ಅನ್ನಿ. ಅಂದರೆ 100 ಗ್ರಾಂಗೆ ಸುಮಾರು 222 ಮೀಟರ್. ಉಣ್ಣೆಯಾದರೆ ಅದು ಡಿಕೆ. ಫಿಂಗರಿಂಗ್ ಉಣ್ಣೆ 100 ಗ್ರಾಂಗೆ 400 ಮೀಟರ್ ಆಸುಪಾಸು ಬರುತ್ತದೆ, ವರ್ಸ್ಟೆಡ್ 200ರ ಆಸುಪಾಸು, ಚಂಕಿ ನೂರು ಚಿಲ್ಲರೆ. ಉಂಡೆಯನ್ನು ಪೂರ್ತಿ ತೂಗಿದರೆ ಒಟ್ಟು ಎಷ್ಟು ಮೀಟರ್ ಇದೆ ಅನ್ನುವುದೂ ಇದೇ ಲೆಕ್ಕದಲ್ಲಿ ಸಿಗುತ್ತದೆ.

ಕೋನ್‌ನಲ್ಲಿ ಬರುವ ಮಷಿನ್ ನೂಲಿನ ಮೇಲೆ 2/28 ಎಂಬಂಥ ಸಂಖ್ಯೆ ಇರುತ್ತದೆ. ಕೆಜಿಗೆ 28 ಕಿಲೊಮೀಟರ್ ಬರುವ ಎಳೆಗಳನ್ನು ಎರಡೆರಡಾಗಿ ಹುರಿ ಮಾಡಿದ್ದಾರೆ ಎಂದರ್ಥ. ಹಾಗಾಗಿ ಕೈಗೆ ಸಿಗುವುದು ಕೆಜಿಗೆ 14 ಕಿಲೊಮೀಟರ್, ಅಂದರೆ 100 ಗ್ರಾಂಗೆ 1,400 ಮೀಟರ್. ಒಂಟಿಯಾಗಿ ಹೆಣೆಯಲು ಬಹಳ ತೆಳು. ಆದರೆ ಆರು ಎಳೆ ಸೇರಿಸಿ ಹಿಡಿದರೆ 233 ಮೀಟರ್, ಹೆಚ್ಚುಕಡಿಮೆ ಡಿಕೆ ಉಣ್ಣೆ! ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನೂಲು ತೆಳು. ನಮಗೆ ಗೊತ್ತಿರುವ 60 ಕೌಂಟ್, 80 ಕೌಂಟ್ ಹತ್ತಿಯದೂ ಇದೇ ದಾರಿ. ರೇಷ್ಮೆಯ ಡೆನಿಯರ್ ಮಾತ್ರ ಉಲ್ಟಾ. ಅದು 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ, ಸಂಖ್ಯೆ ಏರಿದರೆ ದಪ್ಪವೂ ಏರುತ್ತದೆ.

ಎಳೆ ಜೋಡಿಸುವಾಗ ಒಂದು ಮಾತು ನೆನಪಿರಲಿ. ಎರಡು ಎಳೆ ಸೇರಿಸಿದರೆ ಉದ್ದ ಅರ್ಧ ಆಗುತ್ತೆ, ತೂಕ ಎರಡರಷ್ಟಾಗುತ್ತೆ. ಆದರೆ ಅಗಲ ಎರಡರಷ್ಟಾಗಲ್ಲ, ಸುಮಾರು 1.4 ಪಟ್ಟು ಅಷ್ಟೇ. ಹಾಗಾಗಿ ಎರಡು ಫಿಂಗರಿಂಗ್ ಸೇರಿದರೆ ಡಿಕೆ ಅಥವಾ ವರ್ಸ್ಟೆಡ್‌ನ ಹತ್ತಿರ ಬರುತ್ತದೆ, ಚಂಕಿ ಆಗಲ್ಲ.

ಕಡ್ಡಿಯ ನಂಬರ್ ಕೂಡ ಮೋಸ ಮಾಡುತ್ತೆ

ಅಮ್ಮನ ಪೆಟ್ಟಿಗೆಯಲ್ಲಿರುವ ಕಡ್ಡಿಗಳ ತಲೆ ನೋಡಿ. 10, 12 ಅಂತ ಇರುತ್ತದೆ. ಅದು ಹಳೆಯ ಬ್ರಿಟಿಷ್ ಲೆಕ್ಕ, ನಂಬರ್ ದೊಡ್ಡದಾದರೆ ಕಡ್ಡಿ ಸಣ್ಣ. ಆ ಲೆಕ್ಕದ 12 ನಂಬರ್ ಅಂದರೆ 2.75 ಮಿಲಿಮೀಟರ್, 10 ಅಂದರೆ 3.25, 8 ಅಂದರೆ 4, 6 ಅಂದರೆ 5. ಅಮೆರಿಕದ ಲೆಕ್ಕದಲ್ಲಿ ನಂಬರ್ ದೊಡ್ಡದಾದರೆ ಕಡ್ಡಿಯೂ ದಪ್ಪ. ಅವರ 6 ನಂಬರ್ 4 ಮಿಲಿಮೀಟರ್, 8 ನಂಬರ್ 5, 10 ನಂಬರ್ 6.

ಅಂದರೆ ಅಮೆರಿಕದ ಪ್ಯಾಟರ್ನ್ 10 ನಂಬರ್ ಕಡ್ಡಿ ಕೇಳಿದಾಗ ನೀವು ಅಮ್ಮನ 10 ನಂಬರ್ ಎತ್ತಿಕೊಂಡರೆ 6 ಮಿಲಿಮೀಟರ್ ಇರಬೇಕಾದ ಕಡೆ 3.25 ಇರುತ್ತದೆ. ದಪ್ಪ ನೂಲನ್ನು ಅದರಲ್ಲಿ ಹೆಣೆದರೆ ಬಟ್ಟೆ ಕಾಲೊರೆಸು ಥರ ಗಟ್ಟಿಯಾಗುತ್ತೆ, ಮಣಿಕಟ್ಟು ನೋಯುತ್ತೆ. ನಂಬರ್ ಮರೆತು ಮಿಲಿಮೀಟರ್ ಮಾತ್ರ ನೋಡಿ. ಹಳೆಯ ಕಡ್ಡಿ ಅಳೆಯಲು ಪುಟ್ಟ ತೂತುಗಳ ಅಳತೆಪಟ್ಟಿ ಸಿಗುತ್ತದೆ. ಒಂದಿದ್ದರೆ ಜೀವಮಾನಕ್ಕೆ ಸಾಕು.

ಒಂದು ಅಂಗೈ ಬಟ್ಟೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಇವೆಲ್ಲ ಸರಿಯಾದ ನೂಲಿನ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತವೆ, ಅಷ್ಟೇ. ನಾವು ಹಾಕಿಕೊಳ್ಳುವುದು ನೂಲನ್ನಲ್ಲ, ಬಟ್ಟೆಯನ್ನು. ಅದೇ ನೂಲು, ಅದೇ ಕಡ್ಡಿ, ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಆ ವ್ಯತ್ಯಾಸ ಲೇಬಲ್‌ನಲ್ಲಿ ಇರಲ್ಲ.

ಅದಕ್ಕೆ ಸ್ಯಾಂಪಲ್ ಹೆಣೆಯಬೇಕು. 15 ಸೆಂಟಿಮೀಟರ್ ಚೌಕ ಆಗುವಷ್ಟು ಹೆಣೆಯಿರಿ. ಸ್ವೆಟರ್ ಒಗೆಯುವ ಹಾಗೆಯೇ ಅದನ್ನೂ ಒಗೆದು, ಹರಡಿ ಒಣಗಿಸಿ. ಅಂಚುಗಳು ಸುರುಳುವುದರಿಂದ ಅಲ್ಲಿ ಅಳೆಯಬೇಡಿ. ನಡುವಿನ 10 ಸೆಂಟಿಮೀಟರ್‌ನಲ್ಲಿ ಕುಣಿಕೆ ಎಣಿಸಿ. ಪ್ಯಾಟರ್ನ್‌ಗಿಂತ ಕಡಿಮೆ ಬಂದರೆ ಕಡ್ಡಿ ಕಾಲು ಅಥವಾ ಅರ್ಧ ಮಿಲಿಮೀಟರ್ ಸಣ್ಣದು ಮಾಡಿ, ಹೆಚ್ಚು ಬಂದರೆ ದಪ್ಪ ಮಾಡಿ.

ಒಂದೆರಡು ಸಂಜೆಯ ಕೆಲಸ. ‘ಅಯ್ಯೋ, ಅಷ್ಟು ಹೊತ್ತಿಗೆ ನಾಲ್ಕು ಇಂಚು ಬಾರ್ಡರ್ ಆಗ್ತಿತ್ತು’ ಅನ್ನಿಸುತ್ತೆ, ಒಪ್ಪುತ್ತೇನೆ. ಆದರೆ ಮಗುವಿನ ಕುಲಾವಿಯ ಲೆಕ್ಕ ನೋಡಿ. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂಟಿಮೀಟರ್ ಸುತ್ತ. ಹೆಣಿಗೆ ಹಿಗ್ಗುವುದರಿಂದ ಕುಲಾವಿ 32 ಇದ್ದರೆ ಸರಿ. ಡಿಕೆಯಲ್ಲಿ 10 ಸೆಂಟಿಮೀಟರ್‌ಗೆ 22 ಕುಣಿಕೆಯಂತೆ 70 ಕುಣಿಕೆ. ಅದೇ 70 ಕುಣಿಕೆಯನ್ನು 18 ಬರುವ ಏರನ್ ನೂಲಿನಲ್ಲಿ ಹಾಕಿದರೆ 39 ಸೆಂಟಿಮೀಟರ್ ಆಗುತ್ತದೆ. ಕುಲಾವಿ ಕಣ್ಣಿನ ಮೇಲೆ ಜಾರಿ ಮೂಗಿನ ಮೇಲೆ ಕೂರುತ್ತದೆ. ಮಗು ಅದಕ್ಕೆ ಸರಿಯಾಗಿ ಬೆಳೆಯುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ.

ನೂಲು ಹೊಂದದಿದ್ದಾಗ

ಪ್ಯಾಟರ್ನ್ ಕೇಳುವ ನೂಲು ಇಲ್ಲಿ ಸಿಗಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ದುಬಾರಿ. ಇದು ನಮ್ಮೆಲ್ಲರ ಗೋಳು. ದಪ್ಪ ಅರ್ಥವಾದರೆ ಇದಕ್ಕೂ ದಾರಿ ಇದೆ.

ಪ್ಯಾಟರ್ನ್ 10 ಸೆಂಟಿಮೀಟರ್‌ಗೆ 20 ಕುಣಿಕೆ ಅನ್ನುತ್ತದೆ. ನಿಮ್ಮ ನೂಲಿನಲ್ಲಿ ಒಳ್ಳೆಯ ಬಟ್ಟೆ ಆಗುವುದು 22ರಲ್ಲಿ. ಬೇಕಾದ ಅಳತೆ 100 ಸೆಂಟಿಮೀಟರ್. ನಿಮಗೆ ಬೇಕಾದ ಕುಣಿಕೆ 220. ಈಗ ಪ್ಯಾಟರ್ನ್‌ನಲ್ಲಿ 220 ಕುಣಿಕೆ ಇರುವ ಸೈಜ್ ಯಾವುದು ನೋಡಿ. ಅದು 110ರ ಸೈಜ್. ಆ ಸೈಜ್‌ನ ಕುಣಿಕೆಗಳನ್ನೇ ಹಾಕಿ ಹೆಣೆಯಿರಿ, ಬರುವುದು 100. ಉದ್ದವನ್ನು ಮಾತ್ರ ಸಾಲು ಎಣಿಸಿ ಅಲ್ಲ, ಟೇಪ್ ಹಿಡಿದು ನಿಮಗೆ ಬೇಕಾದಷ್ಟು ಮಾಡಿ. ನೂಲಿನ ಮೀಟರ್ ಲೆಕ್ಕವನ್ನೂ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ, ತೆಳು ನೂಲು ಹೆಚ್ಚು ಉದ್ದ ತಿನ್ನುತ್ತದೆ.

ಪ್ಯಾಟರ್ನೇ ಇಲ್ಲದೆ ನೂಲಿನಿಂದಲೇ ಶುರು ಮಾಡುವ ವಿಧಾನವೂ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಹೆಣಿಗೆಗಾರ್ತಿ ಇದನ್ನು ಜನಪ್ರಿಯ ಮಾಡಿದರು. ಅವರ ‘ನಿಟ್ಟಿಂಗ್ ವಿತೌಟ್ ಟಿಯರ್ಸ್’ ಪುಸ್ತಕ ಬಂದದ್ದು 1971ರಲ್ಲಿ. ಅವರ ಲೆಕ್ಕದಲ್ಲಿ ಎದೆಯ ಸುತ್ತಳತೆಯ ಕುಣಿಕೆಗಳೇ ನೂರು ಶೇಕಡಾ. ಮಣಿಕಟ್ಟು ಅದರ 20 ಶೇಕಡಾ, ತೋಳಿನ ಮೇಲ್ಭಾಗ ಸುಮಾರು ಮೂರನೇ ಒಂದು, ಕುತ್ತಿಗೆ 40 ಶೇಕಡಾ. ಎದೆಗೆ 220 ಅಂದರೆ ಮಣಿಕಟ್ಟಿಗೆ 44, ತೋಳಿಗೆ 73, ಕುತ್ತಿಗೆಗೆ 88. ಯಾವ ದಪ್ಪದ ನೂಲಾದರೂ ಸರಿ, ಸ್ಯಾಂಪಲ್‌ನಲ್ಲಿ ಎಣಿಸಿದ ಒಂದು ಸಂಖ್ಯೆಯಿಂದ ಸ್ವೆಟರ್ ಹುಟ್ಟುತ್ತದೆ.

ಚುಚ್ಚುವುದು ನೂಲಿನ ದಪ್ಪ ಅಲ್ಲ

‘ಮಗುವಿಗೆ ತೆಳು ಉಲ್ಲನ್ ತಗೊಂಡ್ರೆ ಚುಚ್ಚಲ್ಲ ಅಲ್ವಾ?’ ಅಂತ ಕೇಳುತ್ತಾರೆ. ಹಾಗೇನೂ ಇಲ್ಲ. ನೂಲಿನ ದಪ್ಪ ಬೇರೆ, ನೂಲಿನೊಳಗಿನ ಕೂದಲಿನ ದಪ್ಪ ಬೇರೆ. ಚರ್ಮಕ್ಕೆ ಚುಚ್ಚುವುದು ಎರಡನೆಯದು. ಕೂದಲು ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತದೆ. ಮೆರಿನೊ ಕುರಿಯ ಕೂದಲು 24 ಮೈಕ್ರಾನ್‌ಗಿಂತ ಸಣ್ಣ, ಹಾಗಾಗಿ ಅದರ ಚಂಕಿ ನೂಲೂ ಮೆತ್ತಗಿರುತ್ತದೆ.

ನಮ್ಮ ಬಯಲುಸೀಮೆಯ ಕುರಿಗಳ ಉಣ್ಣೆ ಒರಟು. ಅದನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಾಕಿ, ಕುಣಿ ಮಗ್ಗದಲ್ಲಿ ನೇಯ್ದರೆ ಕಂಬಳಿ. ಮಳೆಗೂ ಚಳಿಗೂ ಕುರಿಗಾಹಿಯ ಹೆಗಲ ಮೇಲೆ ವರ್ಷಗಟ್ಟಲೆ ಬಾಳುವ ಗುಣ ಆ ಒರಟುತನದಿಂದಲೇ ಬಂದದ್ದು. ಅದು ಕಂಬಳಿಗೆ ಒಳ್ಳೆಯದು, ಕುಲಾವಿಗೆ ಅಲ್ಲ. ಆದ್ದರಿಂದ ಮಗುವಿಗೆ ಕೊಳ್ಳುವಾಗ ಉಂಡೆಯನ್ನು ಅಂಗೈಗಲ್ಲ, ಕತ್ತಿನ ಪಕ್ಕಕ್ಕೆ ಒತ್ತಿ ನೋಡಿ. ಅಂಗೈ ಒರಟು ಕೆಲಸ ಮಾಡಿ ಅಭ್ಯಾಸವಾಗಿರುತ್ತದೆ, ಕತ್ತು ತಕ್ಷಣ ಹೇಳುತ್ತದೆ.

ನಮ್ಮ ಊರಿಗೆ ಯಾವುದು?

ವಿಡಿಯೊಗಳಲ್ಲಿ ಚಂಕಿ ಸ್ವೆಟರ್ ಚೆಂದ ಕಾಣುತ್ತದೆ, ಬೇಗ ಮುಗಿಯುತ್ತೆ ಅಂತಲೂ ಆಸೆ. ಆದರೆ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವವೂ 15 ಡಿಗ್ರಿ ಆಸುಪಾಸು. ಹನ್ನೊಂದು ಗಂಟೆಗೆ ಬಿಸಿಲು. ಚಂಕಿ ಸ್ವೆಟರ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತರೆ ಏನಾಗುತ್ತೆ ಹೇಳಬೇಕಾಗಿಲ್ಲ. ಇಲ್ಲಿಗೆ ಫಿಂಗರಿಂಗ್‌ನಿಂದ ಡಿಕೆವರೆಗೆ ಸಾಕು. ಎಸಿ ಆಫೀಸಿಗೆ ಹತ್ತಿಯ ಡಿಕೆ ಶ್ರಗ್ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಕೊಡಗು, ಚಿಕ್ಕಮಗಳೂರಿನ ಚಳಿಗೆ ಡಿಕೆ ಉಣ್ಣೆ ಅಥವಾ ವರ್ಸ್ಟೆಡ್ ಸರಿ. ಟೊರೊಂಟೊದಲ್ಲಿ ಓದುತ್ತಿರುವ ತಮ್ಮನಿಗೆ ಟೋಪಿ ಕಳಿಸುವುದಾದರೆ ಆಗ ಏರನ್, ಚಂಕಿ ತೆಗೆಯಿರಿ.

ಮೊದಲ ಸಲ ಹೆಣೆಯುವವರಿಗೆ ಡಿಕೆ ಅಥವಾ ವರ್ಸ್ಟೆಡ್, ತಿಳಿ ಬಣ್ಣ, ನಯವಾದ ನೂಲು. ಕುಣಿಕೆ ಕಣ್ಣಿಗೆ ಕಾಣುತ್ತದೆ, ತಪ್ಪಿದರೆ ಬಿಚ್ಚಲು ಬರುತ್ತದೆ. ಕಪ್ಪು ಬಣ್ಣದ ಜುಂಗಿನ ನೂಲಿನಿಂದ ಶುರು ಮಾಡಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ.

ಅಂಗಡಿಗೆ ಹೋಗುವ ಕ್ರಮ ಇಷ್ಟು: ಮೊದಲು ಒಂದೇ ಉಂಡೆ ತನ್ನಿ, ಉಳಿದದ್ದನ್ನು ಅದೇ ಡೈ ಲಾಟ್‌ನಲ್ಲಿ ನಾಲ್ಕು ದಿನ ಎತ್ತಿಡಲು ಕೇಳಿ. ಪರಿಚಯದ ಅಂಗಡಿಯವರಾದರೆ ಇಲ್ಲ ಅನ್ನಲ್ಲ. ಸ್ಯಾಂಪಲ್ ಹೆಣೆದು, ಒಗೆದು, ಎಣಿಸಿ. ಸರಿ ಬಂದರೆ ಮೀಟರ್ ಲೆಕ್ಕ ಹಾಕಿ ಒಂದು ಉಂಡೆ ಹೆಚ್ಚಿಗೇ ತನ್ನಿ. ಕೆಲಸ ಮುಗಿದ ಮೇಲೆ ಆ ಸ್ಯಾಂಪಲ್‌ಗೆ ಲೇಬಲ್ ಹೊಲಿದು, ಕಡ್ಡಿ ಎಷ್ಟು ಮಿಲಿಮೀಟರ್, ಎಷ್ಟು ಕುಣಿಕೆ ಬಂತು ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಡಿ. ಮುಂದಿನ ಸಲ ಅದೇ ಉಲ್ಲನ್ ಕೈಗೆ ಬಂದಾಗ ಫೋಟೊ ತೆಗೆದು ಯಾರನ್ನೂ ಕೇಳಬೇಕಾಗಿಲ್ಲ.